ಉಸಿರು: ಇದೆ / ಇಲ್ಲ

"ಏನೇ, ಹೆಣ ಕಂಡವಳ ಹಾಗೆ ನಿಂತಿದ್ದೀಯ? ಎತ್ತೇ! ನಿಮಗೆ ಸಂಬಳ ಕೊಡೋದು ಎತ್ತೋಕೆ, ಯೋಚನೆ ಮಾಡೋಕಲ್ಲ." ಕಾರ್ಖಾನೆಯ ಮ್ಯಾನೇಜರ್ ಗದರಿದ.

ಆಂಬುಲೆನ್ಸಿನ ಸಿಸ್ಟರ್ ಹೆಣ ಕಂಡೇ ನಿಂತಿದ್ದಳು.

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಅಂಗಳ. ನಡುಮಧ್ಯಾಹ್ನ. ಆಂಬುಲೆನ್ಸಿನ ಹಿಂಬಾಗಿಲು ತೆರೆದೇ ಇತ್ತು. ನೆಲದ ಮೇಲೆ ತೊಟ್ಟಿ ತೊಳೆಯುವವನು ಮಲಗಿದ್ದ. ಆಳ ನೋಡದೆ ಇಳಿಯುವ ಆಳು ಅಂತ ಜೊತೆಯವರು ಅವನಿಗೆ ಮೀನಣ್ಣ ಎಂದು ಹೆಸರಿಟ್ಟಿದ್ದರು. ಸಿಸ್ಟರ್ ಅವನ ಕತ್ತಿಗೆ ಬೆರಳಿಟ್ಟಳು, ಕಣ್ಣಿಗೆ ಟಾರ್ಚು ಬಿಟ್ಟಳು, ಬಾಯಿ ತೆರೆಯಲು ದವಡೆ ಹಿಡಿದಳು. ಕಬ್ಬಿಣ. ದವಡೆ ಹೀಗೆ ಸೆಟೆಯಬೇಕಾದರೆ ಸತ್ತು ಎರಡು ಗಂಟೆಯಾದರೂ ಆಗಿರಬೇಕು. ಇವರಿಗೆ ಫೋನು ಬಂದು ಹದಿನಾಲ್ಕೇ ನಿಮಿಷ.

ಅಷ್ಟರಲ್ಲಿ ಪ್ಯಾಕಿಂಗ್ ಕಡೆಯಿಂದ ಅವನ ಹೆಂಡತಿ ಓಡಿಬಂದು ಸಿಸ್ಟರಿನ ತೋಳು ಹಿಡಿದಿದ್ದಳು.

"ಉಸಿರಿದೆಯಾ ತಂಗಿ? ಇದೆ ಅಲ್ವಾ?"

"ಇದೆ ಅಕ್ಕಾ."

ಅದು ಆಂಬುಲೆನ್ಸಿನವರ ಹಳೇ ಚಟ. ಗುಂಪಿನ ನಡುವೆ 'ಇಲ್ಲ' ಅಂದವರ ಕಪಾಳ ಊದಿದ್ದು, ಗಾಡಿಯ ಗಾಜು ಪುಡಿಯಾದದ್ದು ಅವರಲ್ಲಿ ಯಾರಿಗೆ ಗೊತ್ತಿಲ್ಲ? ಬಾಗಿಲು ಹಾಕಿ ಆಸ್ಪತ್ರೆ ಮುಟ್ಟುವ ತನಕ ಎಲ್ಲರೂ ಬದುಕಿಯೇ ಇರುತ್ತಾರೆ. ಸಾಯಿಸುವ ಕೆಲಸ ಡಾಕ್ಟರದು.

ಮ್ಯಾನೇಜರ್ ಆ ಒಂದು ಮಾತನ್ನು ಗಾಳಿಯಲ್ಲೇ ಹಿಡಿದುಕೊಂಡ.

"ಕೇಳಿಸ್ತಲ್ಲ ಎಲ್ಲರಿಗೂ? ಸಿಸ್ಟರೇ ಹೇಳಿದ್ಲು, ಉಸಿರಿದೆ ಅಂತ. ಹ್ಞೂಂ, ಅದನ್ನೇ ಬರಿ. ಅಂಗಳದಲ್ಲಿ ನಡ್ಕೊಂಡು ಬರ್ತಿದ್ದ, ತಲೆ ಸುತ್ತಿ ಬಿದ್ದ. ಮೊದ್ಲೇ ಕುಡುಕ ನನ್ಮಗ. ತೊಟ್ಟಿ ಹತ್ರಾನೂ ಹೋಗಿಲ್ಲ ಇವತ್ತು. ಬೇಗ ಗೇಟು ದಾಟ್ಸಿ."

ಸಿಸ್ಟರಿನ ಕೈಯಲ್ಲಿದ್ದ ವರದಿಯ ಹಾಳೆಯಲ್ಲಿ ಮೂರನೇ ಸಾಲು: ಉಸಿರು: ಇದೆ / ಇಲ್ಲ. ಒಂದನ್ನು ಹೊಡೆದುಹಾಕಬೇಕು. 'ಇದೆ' ಉಳಿದರೆ ಮೀನಣ್ಣ ಗಾಡಿಯಲ್ಲಿ ಸತ್ತವನು. ಏನು ಮಾಡಿದೆ, ಯಾಕೆ ಉಳಿಸಲಿಲ್ಲ ಎಂದು ಕಾನೂನು ಕೇಳುವುದು ಸಿಸ್ಟರನ್ನು. 'ಇಲ್ಲ' ಉಳಿದರೆ ಪೊಲೀಸರು ಬರುವ ತನಕ ಅವನನ್ನು ಯಾರೂ ಕದಲಿಸುವಂತಿಲ್ಲ, ಬಂದವರು ತೊಟ್ಟಿಯ ಮುಚ್ಚಳ ತೆಗೆಸುತ್ತಾರೆ. ತರಬೇತಿಯಲ್ಲಿ ಹೇಳಿಕೊಟ್ಟಿದ್ದು ಒಂದೇ: ಕಂಡದ್ದು ಬರೆ, ಕೇಳಿದ್ದಲ್ಲ.

"ಆಗಲ್ಲ ಸರ್," ಎಂದಳು ಸಣ್ಣಗೆ. "ದವಡೆ ಸೆಟೆದುಕೊಂಡಿದೆ..."

"ಉಸಿರೆತ್ತಬೇಡ! ನಿಮ್ಮ ಗುತ್ತಿಗೆದಾರ ನನ್ನ ಜೊತೆ ಊಟ ಮಾಡೋನು. ಒಂದು ಫೋನ್ ಹಾಕಿದ್ರೆ ನಾಳೆ ನಿನ್ನ ಮೈಮೇಲೆ ಈ ಯೂನಿಫಾರ್ಮ್ ಇರಲ್ಲ, ತಿಳ್ಕೋ."

ಗಾಡಿಯ ಡ್ರೈವರಿಗೆ ಸೈರನ್ ಎಂದೇ ಹೆಸರು. ಅಸಲಿ ಸೈರನ್ನು ಕೆಟ್ಟು ತಿಂಗಳಾಗಿತ್ತು. ದಾರಿಯುದ್ದಕ್ಕೂ ಕಿಟಕಿಯಿಂದ ತಲೆ ಹೊರಗೆ ಹಾಕಿ ಬಾಯಲ್ಲೇ ಊದಿಕೊಂಡು ಬರುತ್ತಿದ್ದ. ಯಾರ ದನಿಯಾದರೂ ಒಮ್ಮೆ ಕಿವಿಗೆ ಬಿದ್ದರೆ ಸಾಕು, ಅವನ ಗಂಟಲಲ್ಲಿ ಬಿಡಾರ ಹೂಡುತ್ತಿತ್ತು. ಈಗ ಮ್ಯಾನೇಜರಿನ ದನಿಯೇ ಸ್ಟೇರಿಂಗಿನ ಹಿಂದಿನಿಂದ ಬಂತು:

"ಉಸಿರಿಲ್ಲದವನಿಗೆ ಇದೆ ಅನ್ನು, ಉಸಿರಿರೋಳು ನೀನು ಉಸಿರೆತ್ತಲೇಬೇಡ. ಎಂಥಾ ಉಸಿರಾಟನೋ ಬೋಳಿಮಗನೇ ನಿಂದು!"

ಸುತ್ತ ಸೇರಿದ್ದ ಆಳುಗಳ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ತಮ್ಮ ನಗೆಗೆ ತಾವೇ ಹೆದರಿ ಬಾಯಿಗೆ ಕೈ ಅಡ್ಡ ಹಿಡಿದರು.

ಹೆಂಡತಿಗೆ ಇದಾವುದೂ ಕೇಳಿಸಿರಲಿಲ್ಲ. ಅವಳು ಸ್ಟ್ರೆಚರನ್ನು ತಾನೇ ಗಾಡಿಯಿಂದ ಎಳೆಯುತ್ತಿದ್ದಳು.

"ಇದೆ ಅಂದ್ಯಲ್ಲ ತಂಗಿ, ಮತ್ಯಾಕೆ ಕಲ್ಲಿನ ಹಾಗೆ ನಿಂತೆ? ಬಾ! ಕಾಲಿನ ಕಡೆ ನಾನು ಹಿಡೀತೀನಿ. ಭಾರ ಇಲ್ಲ ಕಣೇ ಅವನು."

"ನೋಡು," ಎಂದ ಮ್ಯಾನೇಜರ್, "ಕಟ್ಕೊಂಡೋಳೇ ಎತ್ತು ಅಂತಿದ್ದಾಳೆ. ನಿಂದೇನು?"

ಇಬ್ಬರಿಗೂ ಬೇಕಾದದ್ದು ಒಂದೇ ಪದ. ಸಿಸ್ಟರ್ ಪೆನ್ನು ತೆಗೆದು ಆ ಪದದ ಮೇಲೆ ಗೆರೆ ಎಳೆದಳು.

ಹೆಂಡತಿಗೆ ಓದಲು ಬಾರದು. ಹೊಡೆದುಹಾಕಿದ್ದು ಮಾತ್ರ ಕಂಡಿತು. ಸ್ಟ್ರೆಚರ್ ಬಿಟ್ಟು ಬಂದು ಸಿಸ್ಟರಿನ ಮಣಿಕಟ್ಟು ಹಿಡಿದಳು.

"ಏನದು ಹೊಡೆದಿದ್ದು? ಮೊದ್ಲು ನನಗೆ ಹೇಳು. ಆಮೇಲೆ ಕಾಗದಕ್ಕೆ ಹೇಳುವಂತೆ."

"ಇಲ್ಲ ಅಕ್ಕಾ." ಸಿಸ್ಟರಿಗೆ ಅವಳ ಮುಖ ನೋಡಲಾಗಲಿಲ್ಲ. "ನಾನು ಬರೋಕೆ ಮುಂಚೇನೇ ಇರ್ಲಿಲ್ಲ. ಸುಳ್ಳು ಹೇಳ್ದೆ."

ಕಪಾಳಕ್ಕೆ ಏಟು ಬಿತ್ತು. ಸಿಸ್ಟರ್ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಎರಡನೇ ಸಲ ಎತ್ತಿದ ಕೈ ಮೇಲೇ ನಿಂತು, ಮೆಲ್ಲಗೆ ಇಳಿಯಿತು.

"ನೀನು ಇದೆ ಅಂದಾಗ ಒಳಗೊಳಗೇ ಬೈತಿದ್ದೆ ಕಣೇ ಅವನನ್ನ. ಬೆಳಿಗ್ಗೆ ಮುನಿಸ್ಕೊಂಡು ಒಂದು ಮಾತೂ ಹೇಳದೇ ಹೊರಟುಬಿಟ್ಟಿದ್ದ. ಎದ್ದೇಳಲಿ, ಮಾಡ್ತೀನಿ ಅಂತ..."

ಕುಸಿದು ಕೂತು ಅವನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಕತ್ತಿನ ಗುಂಡಿ ಬಿಗಿಯಾಗಿತ್ತು. ಸೆಖೆಯಾಗುತ್ತದೇನೋ ಎಂಬಂತೆ ಅದನ್ನು ಬಿಚ್ಚಿದಳು. ಬೆರಳು ಅಲ್ಲೇ ತಡೆಯಿತು.

"ಈ ಅಂಗಿ ಇವನದಲ್ಲ."

ಮ್ಯಾನೇಜರ್ ಒಂದು ಹೆಜ್ಜೆ ಮುಂದೆ ಬಂದ. "ಏಯ್, ಮುಟ್ಟಬೇಡ. ಪೊಲೀಸ್ ಕೇಸಾಗುತ್ತೆ."

ಅವಳು ಒಂದೊಂದೇ ಗುಂಡಿ ಬಿಚ್ಚಿದಳು. ಮುಖ, ಕತ್ತು, ಕೈ ಎಲ್ಲ ಸೋಪು ಹಾಕಿ ಉಜ್ಜಿದ್ದರು. ಉಳಿದದ್ದಕ್ಕೆ ಪುರುಸೊತ್ತಾಗಿರಲಿಲ್ಲ. ಹೊಟ್ಟೆಯಿಂದ ಎದೆಯ ತನಕ ಕಡುನೀಲಿ. ಅದರ ಮೇಲ್ಗಡೆ ಸ್ಕೇಲು ಇಟ್ಟು ಎಳೆದಂತೆ ನೆಟ್ಟಗಿನ ಗೆರೆ. ತೊಟ್ಟಿಯ ರಾಡಿ ಅಲ್ಲಿಯವರೆಗಿತ್ತು.

ಅವಳು ತೋಳುಗಳನ್ನು ಮೆಲ್ಲಗೆ, ನಿದ್ದೆಯಲ್ಲಿರುವವನ ಅಂಗಿ ತೆಗೆದಂತೆ ಬಿಡಿಸಿ, ಅಂಗಿಯನ್ನು ಮುದ್ದೆ ಮಾಡಿ ಮ್ಯಾನೇಜರಿನ ಬೂಟಿನ ಮೇಲೆ ಎಸೆದಳು.

"ತಗೊಳ್ಳಿ ನಿಮ್ಮ ಅಂಗಿ. ಇವನು ಯಾರದ್ದನ್ನೂ ತೊಟ್ಟೋನಲ್ಲ."

ಆಮೇಲೆ ಸಿಸ್ಟರಿನ ಕಡೆ ತಿರುಗಿದಳು. ಕಣ್ಣಲ್ಲಿ ಕ್ಷಮೆ ಇರಲಿಲ್ಲ.

"ಇದನ್ನೂ ಬರಿ."

"ಗೇಟ್ ಹಾಕ್ರೋ!" ಮ್ಯಾನೇಜರ್ ಕಿರುಚಿದ. "ಆ ಹಾಳೆ ಕಿತ್ಕೊಳ್ರೋ!"

ಕಬ್ಬಿಣದ ಗೇಟು ಕಿರ್ರೆನ್ನುತ್ತ ಮುಚ್ಚತೊಡಗಿತು. ಸಿಸ್ಟರ್ ನೆಲದ ಮೇಲೇ ಕೂತು ಹಾಳೆಯನ್ನು ಮಂಡಿಗೆ ಆನಿಸಿಕೊಂಡಳು. ಕೆಳಗಿನ ಎರಡು ಕಾರ್ಬನ್ ಪ್ರತಿಗಳಲ್ಲೂ ಮೂಡಲೆಂದು ಪೆನ್ನನ್ನು ಒತ್ತಿ ಒತ್ತಿ ಬರೆಯುತ್ತಿದ್ದಳು.