ಚೌಕ ಕೇಳಿದ ಪ್ರಶ್ನೆ

ಮೂರನೆಯ ಸಲವೂ ಪರದೆ ಕಪ್ಪಾಗಿಯೇ ನಿಂತಿತು. ಮೂಲೆಯಲ್ಲಿ ಬಿಳಿ ಗೆರೆಯೊಂದು ಮಿಟುಕಿ ಆರಿತು. ಕಂಪ್ಯೂಟರು ತಾನಾಗಿಯೇ ಮತ್ತೆ ಮೊದಲಿನಿಂದ ಶುರುಮಾಡಿತು. ಪಕ್ಕದಲ್ಲಿ ಕಸೂತಿ ಮೆಷಿನ್ನು ಆರೂ ಸೂಜಿಗಳನ್ನು ಮೇಲೆತ್ತಿಕೊಂಡು ಸುಮ್ಮನಿತ್ತು. ಸಂಜೆಯೊಳಗೆ ಇನ್ನೂರು ಶಾಲಾ ಬ್ಯಾಡ್ಜು ಹೊಲಿದು ಕೊಡಬೇಕಿತ್ತು, ಆಗಿದ್ದದ್ದು ನಲವತ್ತು.

ಅಂಗಡಿ ನಡೆಸುತ್ತಿದ್ದವರು ಇಬ್ಬರು ಓರಗಿತ್ತಿಯರು. ಹಿರಿಯವಳು ಅದನ್ನು ಕಟ್ಟಿ ಬೆಳೆಸಿದವಳು. ಕಿರಿಯವಳು ಎರಡು ವರ್ಷದ ಹಿಂದೆ ಮದುವೆಯಾಗಿ ಬಂದು ಕಂಪ್ಯೂಟರಿನ ಮುಂದೆ ಕೂತವಳು. ಹಿರಿಯವಳು ಕಂಪ್ಯೂಟರನ್ನು ವಾರಗಟ್ಟಲೆ ಆರಿಸದೆ ಓಡಿಸುತ್ತಿದ್ದಳು. ಇವತ್ತು ಬೆಳಿಗ್ಗೆ ತೀರಾ ನಿಧಾನವಾಯಿತೆಂದು ಕಿರಿಯವಳು ಒಮ್ಮೆ ಆರಿಸಿ ಹಾಕಿದ್ದಳು. ಅಷ್ಟೇ, ಅದು ಏಳಲಿಲ್ಲ.

ರಿಪೇರಿಯವನು ಫೋನಿನಲ್ಲೇ ತೀರ್ಪು ಕೊಟ್ಟ: ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು. ಒಳಗಿದ್ದ ಹನ್ನೆರಡು ವರ್ಷದ ಕಸೂತಿ ನಕ್ಷೆಗಳು? ಹೋದಂತೆಯೇ ಎಂದ. ಹಿರಿಯವಳು ಫೋನಿಟ್ಟು ತಿರುಗಿದಳು.

"ಏನಮ್ಮ ಇಂಜಿನಿಯರಮ್ಮ, ಓಡ್ತಾ ಇದ್ದಿದ್ದನ್ನ ಕೆದಕೋ ಚಟ ನಿಂಗೆ. ನಾಳೆಯಿಂದ ಆ ಕುರ್ಚಿ ಮುಟ್ಟಬೇಡ. ಗುಂಡಿ ಹಾಕೋ ಕೆಲಸ ಬೇಕಾದಷ್ಟಿದೆ."

ಕಿರಿಯವಳ ಕಿವಿ ಬಿಸಿಯಾಯಿತು. ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ ಆ ಕುರ್ಚಿ ಬಿಟ್ಟರೆ ತನ್ನದೆನ್ನಲು ಅವಳಿಗೆ ಬೇರೆ ಜಾಗವಿರಲಿಲ್ಲ. ಮಧ್ಯಾಹ್ನದವರೆಗೆ ಬಿಡಿ, ಆಗದಿದ್ದರೆ ನಾನೇ ಏಳುತ್ತೇನೆ ಎಂದಳು.

ಮೆಷಿನ್ನಿನ ವೈರು ಕಿತ್ತಳು. ಕೀಬೋರ್ಡಿನ ಒಂದು ಕೀಲಿ ಒತ್ತಿ ಹಿಡಿದು ಕಂಪ್ಯೂಟರು ಹಾಕಿದಳು, ಆರಿಸಿದಳು, ಹಾಕಿದಳು. ಐದನೆಯ ಸಲಕ್ಕೆ ಮಂಕು ಪರದೆಯ ಮೇಲೆ ದಪ್ಪ ದಪ್ಪ ಅಕ್ಷರಗಳು ಮೂಡಿದವು. ಕಂಪ್ಯೂಟರು ಅರ್ಧ ಎಚ್ಚರವಾಗಿತ್ತು. ಅದಕ್ಕೆ ಜೋಡಿಸಿದ ಯಂತ್ರಗಳ ಪಟ್ಟಿಯಲ್ಲಿ ಕಸೂತಿ ಮೆಷಿನ್ನಿನ ಹೆಸರಿನ ಮುಂದೆ, ಡ್ರೈವರ್ ಸರಿಯಿಲ್ಲವೆಂಬ ಹಳದಿ ಗುರುತಿತ್ತು. ಡ್ರೈವರ್ ಎಂದರೆ ಕಂಪ್ಯೂಟರಿಗೂ ಮೆಷಿನ್ನಿಗೂ ನಡುವೆ ಮಾತಾಡಿಸುವ ದಲ್ಲಾಳಿ. ಹಳೆಯವನ ಜಾಗಕ್ಕೆ ಯಾರೋ ಹೊಸಬನನ್ನು ತಂದು ಕೂರಿಸಿದ್ದರು, ಅವನಿಗೆ ಈ ಹಳೇ ಮೆಷಿನ್ನಿನ ಗುರುತೇ ಇರಲಿಲ್ಲ. ಬೆಳಿಗ್ಗೆ ಆರಿಸಿ ಹಾಕಿದ ಮೇಲೇ ಅವನು ಕೆಲಸಕ್ಕೆ ಇಳಿದಿದ್ದ. ಹೊಸಬನನ್ನು ತೆಗೆಯುವ ಮೊದಲು ಕಿರಿಯವಳು ತಾರೀಖು ನೋಡಿದಳು.

"ಅಕ್ಕಾ, ಇದನ್ನ ಹಾಕಿರೋದು ಭಾನುವಾರ, ಹನ್ನೊಂದೂ ಕಾಲಿಗೆ. ನಾನು ಶನಿವಾರಾನೇ ಅಮ್ಮನ ಮನೆಗೆ ಹೋಗಿದ್ದೆ."

ಹಿರಿಯವಳು ಸೀರೆಗೆ ಅಂಟಿದ್ದ ದಾರದ ಚೂರೊಂದನ್ನು ಕಿತ್ತಳು. ಇನ್ನೊಂದನ್ನೂ ಕಿತ್ತಳು.

"ಏನೋ ಒಂದು ಚೌಕ ಬಂತು. ಹೌದು ಅಂತ ಒತ್ತಿದೆ."

"ಓದಲಿಲ್ವಾ?"

"ಇಂಗ್ಲಿಷಲ್ಲಿತ್ತು. ಹೌದು ಅಂದ್ರೆ ಸುಮ್ನಾಗುತ್ತೆ. ಬೇಡ ಅಂದ್ರೆ ಮತ್ತೆ ಮತ್ತೆ ಕೇಳುತ್ತೆ, ನಮ್ಮತ್ತೆ ಥರ. ಈ ಮನೆಗೆ ಬಂದಾಗಿಂದ ಎಲ್ಲದಕ್ಕೂ ಹಾಗೇ ಹೌದು ಒತ್ಕೊಂಡು ಬಂದಿದ್ದೀನಿ."

ಕಿರಿಯವಳಿಗೆ ನಗು ಬಂತು, ನಗಲಿಲ್ಲ. ಹೊಸಬನನ್ನು ತೆಗೆದು ಹಳೆಯವನನ್ನು ಕರೆದಳು, ವೈರು ಸಿಕ್ಕಿಸಿದಳು, ಕಂಪ್ಯೂಟರನ್ನು ಮತ್ತೆ ಹಾಕಿದಳು. ಬೆಳಕು ಬಂತು, ನಕ್ಷೆಗಳು ಸಾಲಾಗಿ ಬಂದವು. ಸೂಜಿಗಳು ಇಳಿದು ನಲವತ್ತೊಂದನೆಯ ಬ್ಯಾಡ್ಜಿಗೆ ಚುಚ್ಚಿದವು. ಕುರ್ಚಿ ಮುಟ್ಟಬೇಡವೆಂಬ ಮಾತು ಇನ್ನೂ ಹಾಗೇ ಇತ್ತು, ಕಿರಿಯವಳು ಎದ್ದು ಗುಂಡಿ ಡಬ್ಬದ ಕಡೆ ಹೊರಟಳು.

"ಎಲ್ಲಿಗೆ? ಕೂತ್ಕೋ."

ಪರದೆಯ ಮೇಲೆ ಮತ್ತೊಂದು ಚೌಕ ಬಂದಿತ್ತು. ಹಿರಿಯವಳು ಸ್ಟೂಲೆಳೆದು ಪಕ್ಕದಲ್ಲಿ ಕೂತು ಕನ್ನಡಕ ಒರೆಸಿಕೊಂಡಳು. ಏನು ಕೇಳ್ತಿದೆ, ಪೂರ್ತಿ ಓದು ಎಂದಳು. ಕಿರಿಯವಳು ಒಂದೊಂದೇ ಪದ ಓದಿ ಅರ್ಥ ಹೇಳುತ್ತಾ ಹೋದಳು. ಹಿರಿಯವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಕೊನೆಯವರೆಗೂ ಏನನ್ನೂ ಮುಟ್ಟದೆ ಕೇಳಿಸಿಕೊಂಡಳು.