ಎಡಚನ ಕುಡುಗೋಲು

"ಇದೇ. ಈ ರೆಕ್ಕೇಲಿ ಎಲ್ಲ ಕುಡುಗೋಲಿನ ಮಸೆದ ಮುಖ ಕೆಳಗಿದೆ, ಇದರದ್ದು ಮಾತ್ರ ಮೇಲೆ," ಎಂದಳು ಆ ಹೆಂಗಸು, ಕಬ್ಬಿಣದ ಬೆಳ್ಳಕ್ಕಿಯ ರೆಕ್ಕೆಯೊಳಗೆ ಹೆಚ್ಚುಕಮ್ಮಿ ತಲೆ ತೂರಿಸಿ.

ವೆಲ್ಡರ್ ಮುಖಕ್ಕೆ ಹಿಡಿದಿದ್ದ ಕಪ್ಪು ಗಾಜನ್ನು ಇಳಿಸಿದ. ಊರ ಸರ್ಕಲ್ಲಿನಲ್ಲಿ ನಿಲ್ಲಿಸಲೆಂದು, ಮನೆಮನೆಯಿಂದ ಬಂದ ಹಳೇ ಕುಡುಗೋಲುಗಳನ್ನೇ ಗರಿ ಮಾಡಿ ಅವನು ಕಟ್ಟಿದ ಹಕ್ಕಿ ಅದು. ನೇಗಿಲ ಹಿಂದೆ ಹುಳ ಹೆಕ್ಕುತ್ತ ನಡೆಯುವ ಬೆಳ್ಳಕ್ಕಿ. ಮುನ್ನೂರು ಗರಿಗಳಲ್ಲಿ ಆ ಒಂದು ಮಾತ್ರ ಹೊಂದಿಕೊಳ್ಳದೆ ಅವನನ್ನು ಇಡೀ ಮಧ್ಯಾಹ್ನ ಗೋಳು ಹೊಯ್ದುಕೊಂಡಿತ್ತು.

"ನಮ್ಮ ಯಜಮಾನ್ರದು. ಎಡಗೈಗೆ ಅಂತ ಉಲ್ಟಾ ಮಸೆದದ್ದು. ಎಡಚ ಅಂತಲೇ ಕರೀತಿದ್ರು ಎಲ್ರೂ. ಕೊಯ್ಲಿಗೆ ನಿಂತ್ರೆ ಮೊಣಕೈ ತಾಗುತ್ತೆ ಅಂತ ಪಕ್ಕದಲ್ಲಿ ಯಾರೂ ನಿಲ್ತಿರಲಿಲ್ಲ, ನಾನೊಬ್ಬಳೇ." ನಕ್ಕಳು. "ನಾನು ತಂಗಿ ಮನೆಗೆ ಹೋಗಿದ್ದಾಗ ಸೊಸೆ ತುಕ್ಕು ಕಬ್ಬಿಣ ಅಂತ ಕೊಟ್ಟುಬಿಟ್ಟಿದ್ದಾಳೆ. ಅವಳದೇನು ತಪ್ಪು, ಅವರನ್ನ ನೋಡಿದವಳೇ ಅಲ್ಲ."

ಹೊರಗೆ ಕ್ರೇನ್ ಗುರುಗುಟ್ಟುತ್ತಿತ್ತು. ಎರಡಾಳೆತ್ತರದ ಕಂಬದ ಮೇಲೆ ಹಕ್ಕಿಯನ್ನು ಕೂರಿಸಿದರೆ ಆಮೇಲೆ ಯಾರ ಕೈಗೂ ಎಟುಕುವುದಿಲ್ಲ. ವೆಲ್ಡರ್ ಒಳ್ಳೆಯವನೇ, ಒಳ್ಳೆಯವನಾಗಲು ಸ್ವಲ್ಪ ಹೊತ್ತು ಬೇಕು ಅಷ್ಟೆ. ಕ್ರೇನಿನವನಿಗೆ ತಾಳು ಎಂದು ಸನ್ನೆ ಮಾಡಿ ಕಟರ್ ಎತ್ತಿಕೊಂಡ.

"ಬಿಡಿಸಿ ಕೊಡ್ತೀನಮ್ಮಾ. ಒಂದು ಗರಿ ಉದುರಿದ್ರೆ ಹಕ್ಕಿಯೇನೂ ಬಡವಾಗಲ್ಲ."

"ಕಬ್ಬಿಣ ಬೇಡಪ್ಪ. ಹಿಡಿ ಕೊಟ್ರೆ ಸಾಕು, ಮರದ್ದು. ಅವರ ಹೆಬ್ಬೆರಳು ಕೂತೂ ಕೂತೂ ಅದರಲ್ಲಿ ಗುಳಿ ಬಿದ್ದಿತ್ತು. ದಿನಾ ಮಲಗೋ ಮುಂಚೆ ಒಂದ್ಸಲ ನನ್ನ ಬೆರಳು ಅಲ್ಲಿಟ್ಟು..."

ವೆಲ್ಡರ್ ಕಟರ್ ಕೆಳಗಿಟ್ಟ. ಹಿಡಿಗಳನ್ನೆಲ್ಲ ಅವನೇ ಬಡಿದು ಬಿಚ್ಚಿ ಮೂಲೆಗೆ ಎಸೆದಿದ್ದ. ಚಳಿಯ ಬೆಳಗಿನಲ್ಲಿ ನೀರು ಕಾಯಿಸಿದ್ದು ಅವುಗಳಿಂದಲೇ. ಚೆನ್ನಾಗಿ ಉರಿಯುತ್ತವೆ ಎಂದು ಹೊಗಳಿಯೂ ಇದ್ದ. ಈಗ ಉಳಿದಿದ್ದ ನಾಲ್ಕರಲ್ಲಿ ಯಾವುದಕ್ಕೂ ಗುಳಿಯಿರಲಿಲ್ಲ. ಯಾವುದನ್ನೋ ಕೊಟ್ಟು ಕಳಿಸಬಹುದಿತ್ತು, ಆದರೆ ಆ ಬೆರಳಿಗೆ ಗೊತ್ತಾಗಿಬಿಡುತ್ತಿತ್ತು.

"ಒಲೆಗೆ ಹಾಕಿಬಿಟ್ಟೆ, ಅಮ್ಮಾ. ಗೊತ್ತಾಗಲಿಲ್ಲ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ಗರಿ ಅಲ್ಲೇ ಇರಲಿ ಬಿಡು," ಎಂದಳು. ಆಮೇಲೆ ಎಡಗೈ ಚಾಚಿ, ಹಿಡಿಯಿದ್ದ ಕಡೆ ಹೊರಚಾಚಿದ್ದ ಕಬ್ಬಿಣದ ಮೊನೆಯ ಸುತ್ತ ಮುಷ್ಟಿ ಮಾಡಿದಳು. ಬೆರಳುಗಳು ಕಬ್ಬಿಣಕ್ಕೆ ತಾಗಲಿಲ್ಲ. ಮರದ ದಪ್ಪದಷ್ಟು ಜಾಗ ಬಿಟ್ಟು ನಿಂತವು. ಹೆಬ್ಬೆರಳು ಮೆಲ್ಲಗೆ ಆ ಗಾಳಿಯಲ್ಲಿ ಗುಳಿ ಹುಡುಕುತ್ತಿತ್ತು.

ಕ್ರೇನಿನವನು ಇಂಜಿನ್ ಆರಿಸಿದ.