ಹೊಳೆಮ್ಮ ಒತ್ತಿದ ಹೆಬ್ಬೆಟ್ಟು

ಅದಿರು ಲಾರಿಗಳು ಪುರುಸೊತ್ತಿಲ್ಲದೆ ಓಡುತ್ತಿದ್ದ ಕಾಲ. ಸಂಡೂರು ರಸ್ತೆಯಲ್ಲಿ ಸೈಕಲ್ ಮೇಲೆ ಕೆಲಸಕ್ಕೆ ಹೊರಟಿದ್ದ ಮಲಪನಗುಡಿಯ ಉಜ್ಜಿನಪ್ಪನಿಗೆ ಲಾರಿಯೊಂದು ಗುದ್ದಿ, ನಿಲ್ಲದೆ ಹೋಯಿತು. ಅವನು ಅಲ್ಲೇ ಸತ್ತ. ಊರವರು ಹೆಣವನ್ನು ಮನೆಗೆ ತಂದರು.

ನಮ್ಮ ಜನಕ್ಕೆ ಪೋಸ್ಟ್‌ಮಾರ್ಟಮ್ ಎಂದು ಹೆಣ ಕೊಯ್ಸುವುದೆಂದರೆ ಸತ್ತವನನ್ನು ಇನ್ನೊಮ್ಮೆ ಕೊಂದ ಹಾಗೆ. ಓಡೋಡಿ ಬಂದ ಲಾರಿ ಮಾಲೀಕನ ಕಡೆಯವನಿಗೆ ಅದು ಚೆನ್ನಾಗಿ ಗೊತ್ತಿತ್ತು. ಕೊಯ್ಯದಂತೆ ನಾನು ನೋಡಿಕೊಳ್ಳುತ್ತೇನೆ, ಪೊಲೀಸರಿಗೆ ಕೊಡಲು ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ ಸಾಕು ಎಂದ. ಉಜ್ಜಿನಪ್ಪನ ಅಣ್ಣ ಮೈಲಾರಲಿಂಗಪ್ಪನೂ ಒತ್ತು ಎಂದ. ಹೆಂಡತಿ ಹೊಳೆಮ್ಮ ಒತ್ತಿದಳು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಿದರು.

ಕಾಗದದಲ್ಲಿ ಏನಿತ್ತೆಂದು ಅವಳಿಗೆ ತಿಳಿದದ್ದು ತಿಂಗಳ ಮೇಲೆ, ಠಾಣೆಯಲ್ಲಿ. ‘ಕುಡಿದು ಸೈಕಲ್ಲಿನಿಂದ ಬಿದ್ದು ಸತ್ತ.’ ಬೀಡಿಯನ್ನೂ ಮುಟ್ಟದ ಮನುಷ್ಯ! ನೀನೇ ಬರೆದುಕೊಟ್ಟಿದ್ದೀಯಲ್ಲ, ಇನ್ನು ಕೇಸೆಲ್ಲಿಯದು ಎಂದು ಅವಳನ್ನೇ ಬೈದು ಕಳಿಸಿದರು. ಮೂರು ವರ್ಷ ಅಲೆದಳು. ಕೂತ್ಕೋ ಎಂದವರೂ ಇಲ್ಲ.

ಆಮೇಲೆ ಅಂಗನವಾಡಿಯ ರೇಣುಕಮ್ಮ ಒಬ್ಬ ಹುಡುಗಿಯನ್ನು ಕರೆತಂದಳು. ಹೆಸರು ಗಂಗಾಂಬಿಕಾ. ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವವಳು. ಅನ್ಯಾಯಕ್ಕೊಳಗಾದವರು ಠಾಣೆ, ಕೋರ್ಟಿನ ಮೆಟ್ಟಿಲು ಹತ್ತಿದಾಗ ಏನೇನು ಅನುಭವಿಸುತ್ತಾರೆಂದು ಊರೂರು ತಿರುಗಿ ಕೇಳುತ್ತಿದ್ದಳು. ಹೊಳೆಮ್ಮನಿಗೆ ಸಿಟ್ಟೇ ಬಂತು.

“ಬರಕೊಂಡು ಹೋದೋರು ಭಾಳ ಮಂದಿ ಆದ್ರು. ನನಗೇನು ಬಂತು?”

“ಏನೂ ಬರದಿದ್ರೂ ಇರ್ಲಕ್ಕ, ಎದಿಯಾಗ ಇರೋದಾದ್ರೂ ಹೊರಗ ಹೋಗ್ಲಿ,” ಎಂದಳು ರೇಣುಕಮ್ಮ.

ಹೇಳಿದಳು, ಎರಡು ತಾಸು, ಅಳುತ್ತ, ಬೈಯುತ್ತ. ಅವಳ ಮಾತನ್ನು ಕೊನೆತನಕ ಕೇಳಿದವಳು ಆ ಹುಡುಗಿ ಒಬ್ಬಳೇ. ಏನಾದರೆ ನ್ಯಾಯ ಸಿಕ್ಕಂತೆ ಅನಿಸುತ್ತದೆ ಎಂದು ಗಂಗಾಂಬಿಕಾ ಕೇಳಿದಳು.

“ಅವ ಕುಡ್ದು ಬಿದ್ದಿಲ್ಲ, ಲಾರಿ ಹೊಡೀತು ಅಂತ ಬರೀಬೇಕವ್ವ. ಉಜ್ಜಿನಪ್ಪ ಅಂತ ಹೆಸರು ಹಾಕಿ ಬರಿ.”

ಗಂಗಾಂಬಿಕಾ ಪೆನ್ನು ಕೆಳಗಿಟ್ಟು, ಮೊದಲೇ ಹೇಳಿದ್ದನ್ನು ಮತ್ತೆ ಹೇಳಿದಳು. ಹೇಳಿದವರಿಗೆ ತೊಂದರೆಯಾಗಬಾರದೆಂದು ಸಂಶೋಧನೆಯಲ್ಲಿ ಯಾರ ಹೆಸರೂ ಹಾಕುವುದಿಲ್ಲ. ಇದರಿಂದ ಕೇಸೂ ಶುರುವಾಗುವುದಿಲ್ಲ.

“ಅಲ್ಲೂ ಅವನ ಹೆಸರು ಇರಂಗಿಲ್ಲೇನು?” ಎಂದಳು ಹೊಳೆಮ್ಮ.

ಬಾಗಿಲಲ್ಲಿ ಕೂತಿದ್ದ ಮೈಲಾರಲಿಂಗಪ್ಪ, ಅವತ್ತು ಕೊಯ್ಸಿದ್ದರೆ ಏನಾಗುತ್ತಿತ್ತೆಂದು ಕೇಳಿದ. ಎಂಥ ಪೆಟ್ಟಿಗೆ ಸತ್ತನೆಂದು ಡಾಕ್ಟರು ಬರೆಯುತ್ತಿದ್ದರು, ಅದು ನಿಮ್ಮ ಕಡೆಯ ಸಾಕ್ಷಿಯಾಗುತ್ತಿತ್ತು ಎಂದಳು ಹುಡುಗಿ. ಅವನಿಗೆ ತಲೆ ಎತ್ತಲಾಗಲಿಲ್ಲ.

“ಜಲ್ದಿ ಮಣ್ಣು ಮಾಡ್ರಿ ಅಂದವ ನಾನ. ನಾಲ್ಕು ಮಂದಿಗೆ ಇದನ್ನ ಹೇಳವ್ವ, ಬೇಕಾದ್ರ ನನ್ನ ಹೆಸರು ಹಾಕು.”

ಈ ಕತೆ ಕೇಳಿದ ಅಕ್ಕ, ಅಣ್ಣ, ಇಂಥ ಸಾವು ನಿಮ್ಮ ಮನೆಗೆ ಬಾರದಿರಲಿ. ಬಂದರೆ ಪೋಸ್ಟ್‌ಮಾರ್ಟಮ್ ಬೇಡ ಎನ್ನಬೇಡಿ. ನಂಬಿಕೆಯವರಿಂದ ಓದಿಸಿ ಕೇಳದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ. ದೂರು ಕೊಟ್ಟವರಿಗೆ ಎಫ್‌ಐಆರ್ ನಕಲನ್ನು ಪುಕ್ಕಟೆ ಕೊಡಬೇಕು, ಕೇಳಿ ತೆಗೆದುಕೊಳ್ಳಿ. ಹೆಣ್ಣುಮಕ್ಕಳಿಗೆ ಖರ್ಚಿಲ್ಲದೆ ವಕೀಲರು ಸಿಗುತ್ತಾರೆ, ತಾಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಇಷ್ಟು ಮಾಡಿದರೆ ನ್ಯಾಯ ಸಿಕ್ಕೇ ಸಿಗುತ್ತದೆಂದು ನಿಮಗೆ ಸುಳ್ಳು ಹೇಳುವುದಿಲ್ಲ. ಆದರೆ ನಿಮ್ಮವರು ಹೇಗೆ ಸತ್ತರೆಂಬುದನ್ನು ಕೊಂದವರ ಕೈಯಲ್ಲಿ ಬರೆಸಬೇಡಿ.